ತಿತಿಕ್ಷೆಯೂ ತೊಗಲಂಗಿಯೂ

ಶೀತೋಷ್ಣಗಳನ್ನು ಸಮಚಿತ್ತದಿಂದ ಸಹಿಸಬೇಕೆಂದು ಬೋಧಿಸುವ ನಮ್ಮ ಮಹಾಗ್ರಂಥಗಳೆಲ್ಲವೂ ಮೋಟಾರು ಸೈಕಲ್ಲು ಹುಟ್ಟುವುದಕ್ಕೆ ಬಹು ಶತಮಾನಗಳ ಹಿಂದೆ ರಚಿತವಾದವೆಂಬ ಸಂಗತಿ, ಪುಷ್ಯಮಾಸದ ಬೆಳಗಿನ ಜಾವದಲ್ಲಿ ಗಾಡಿಯನ್ನೇರಿ ಊರಿಂದೂರಿಗೆ ಹೊರಟ ಮನುಷ್ಯನಿಗೆ ತಾನಾಗಿಯೇ ನೆನಪಾಗುವಂಥದು. ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೈಬಾಖ್ ಎಂಬಿಬ್ಬರು ಮರದ ಚೌಕಟ್ಟಿಗೆ ಪೆಟ್ರೋಲು ಎಂಜಿನನ್ನು ಜೋಡಿಸಿ ಓಡಿಸಿದುದು 1885ರಲ್ಲಿ. ಅದಕ್ಕೆ ಮುಂಚೆ ಮನುಷ್ಯನು ಅನುಭವಿಸಿದ ಚಳಿಯೆಲ್ಲ ಬಹುಮಟ್ಟಿಗೆ ಅವನಿದ್ದಲ್ಲಿಗೆ ಬಂದು ಮುಟ್ಟುವ ಚಳಿ. ಕುರುಕ್ಷೇತ್ರದ ರಥವಾಗಲಿ, ದಿಗ್ವಿಜಯಕ್ಕೆ ಹೊರಟ ಅರಸನ ಕುದುರೆಯಾಗಲಿ, ಗಂಟೆಗೆ ಎಂಬತ್ತು ಕಿಲೋಮೀಟರಿನಂತೆ ಗಾಳಿಯನ್ನು ಸೀಳುತ್ತ ಬೆಳಗಿನ ಉಪಾಹಾರದ ವೇಳೆಯವರೆಗೆ ಓಡಿದುದಿಲ್ಲ. ಆದುದರಿಂದ ಆ ಗ್ರಂಥಗಳು ಕಂಡ ಚಳಿ ಬೇರೆ, ಸವಾರನು ತಾನೇ ಎದುರುಹೋಗಿ ತಂದುಕೊಳ್ಳುವ ಚಳಿ ಬೇರೆ ಎಂದು ಹೇಳಿ ಈ ವಿಚಾರವನ್ನು ಇಲ್ಲಿಯೇ ಮುಗಿಸಿಬಿಡಬಹುದಾಗಿತ್ತು. ಆದರೆ ಹಾಗೆ ತಪ್ಪಿಸಿಕೊಳ್ಳಲು ಪ್ರಶ್ನೆಯು ಬಿಡುವುದಿಲ್ಲ. ಉಣ್ಣೆಯ ಒಳಂಗಿ, ಅದರ ಮೇಲೊಂದು ಸ್ವೆಟರು, ಅದರ ಮೇಲೆ ತೊಗಲಿನ ಜಾಕೆಟ್ಟು, ಕೈಗೆ ಕೈಗವಸು, ಕತ್ತಿಗೆ ಮಫ್ಲರು, ಇಷ್ಟನ್ನೂ ತೊಟ್ಟು ಹೊರಡುವವನು ವಿವೇಕಿಯೋ, ಅಥವಾ ದ್ವಂದ್ವಸಹಿಷ್ಣುತೆಯ ಮೊದಲ ಪಾಠದಲ್ಲಿಯೇ ನಪಾಸಾದವನೋ?

ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ವಿಶೇಷವಾದ ಮೊನೆಯೊಂದುಂಟು. ಡಿಸೆಂಬರಿನ ನಡುವಿನಿಂದ ಜನವರಿಯ ನಡುವಿನವರೆಗೆ ಸೂರ್ಯನು ಧನೂರಾಶಿಯಲ್ಲಿರುವ ತಿಂಗಳು, ನಕ್ಷತ್ರಗಳು ಇನ್ನೂ ಕಾಣುತ್ತಿರುವಾಗಲೇ ಎದ್ದು, ಮಿಂದು, ದೇವರ ಪೂಜೆ ಮುಗಿಸಿ, ಬಿಸಿ ಹುಗ್ಗಿಯನ್ನು ನೈವೇದ್ಯ ಮಾಡುವುದು ವಾಡಿಕೆ. ನಿಷ್ಠೆಯುಳ್ಳವರು ತಣ್ಣೀರನ್ನೇ ಮೀಯುವರು. ಒದ್ದೆ ಪಂಚೆಯಲ್ಲಿ ನಡುಗುತ್ತ ದೇವಸ್ಥಾನದ ಮೆಟ್ಟಿಲೇರುವ ವೃದ್ಧರನ್ನು ಕಂಡು ಕೈಮುಗಿಯದವರಿಲ್ಲ. ಅದೇ ಹೊತ್ತಿನಲ್ಲಿ ಅದೇ ಬೀದಿಯಲ್ಲಿ ಕಣ್ಣೆರಡನ್ನು ಬಿಟ್ಟು ಮಿಕ್ಕುದನ್ನೆಲ್ಲ ಮುಚ್ಚಿಕೊಂಡ ಸವಾರನೊಬ್ಬನು ಎಂಜಿನನ್ನು ಬಿಸಿಮಾಡಿಕೊಳ್ಳುತ್ತ ನಿಂತಿದ್ದರೆ ಅವನಿಗೆ ಸಿಕ್ಕುವುದು ಗೌರವವಲ್ಲ, ನಗೆ. ನಮ್ಮ ಬೀದಿಯಲ್ಲಿ ಸಂಸ್ಕೃತದ ಮೇಷ್ಟರೊಬ್ಬರಿದ್ದಾರೆ. ನಿವೃತ್ತರಾದರೂ ಪಾಠ ಹೇಳುವ ಅಭ್ಯಾಸ ನಿವೃತ್ತವಾಗಿಲ್ಲ. ಅವರು ಒಂದು ಬೆಳಿಗ್ಗೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇಷ್ಟೆಲ್ಲ ಹೊದ್ದುಕೊಂಡು ಹೊರಟೆಯಲ್ಲಪ್ಪಾ, ಚಳಿಗೂ ನಿನಗೂ ಪರಿಚಯವಾಗುವುದು ಯಾವಾಗ?” ಎಂದು ಕೇಳಿದರು. “ಗೇರು ಬದಲಾಯಿಸುವುದಕ್ಕೆ ಅಡ್ಡಿಯಾಗದಷ್ಟು ಪರಿಚಯ ಸಾಕು, ಮೇಷ್ಟ್ರೇ” ಎಂದೆನು. ಅವರಿಗೆ ಉತ್ತರ ಹಿಡಿಸಲಿಲ್ಲವೆಂಬುದು ಮುಖದಲ್ಲಿಯೇ ಕಾಣುತ್ತಿತ್ತು. ಹೀಗಾಗಿ ವಾದವು ಅಲ್ಲಿಗೆ ನಿಲ್ಲದೆ ಆ ಚಳಿಗಾಲವೆಲ್ಲ ಅವರ ಜಗುಲಿಯ ಮೇಲೆ ನಡೆಯಿತು.

ಮೊದಲು ಚಳಿಯ ಸ್ವರೂಪವನ್ನು ವಿಚಾರಿಸೋಣ. ಅಮೆರಿಕದ ಪಾಲ್ ಸೈಪಲ್ ಎಂಬಾತನು ಸ್ಕೌಟು ಹುಡುಗನಾಗಿದ್ದಾಗಲೇ, 1928ರಲ್ಲಿ, ಬರ್ಡ್ ಎಂಬ ಸಾಹಸಿಯ ತಂಡದೊಡನೆ ಅಂಟಾರ್ಕ್ಟಿಕಕ್ಕೆ ಹೋದವನು. ಮುಂದೆ ಅವನೂ ಚಾರ್ಲ್ಸ್ ಪ್ಯಾಸೆಲ್ ಎಂಬ ಸಂಗಾತಿಯೂ ಅಲ್ಲಿಯ ಬಿಡಾರದ ಮಾಡಿನ ಮೇಲೆ ನೀರು ತುಂಬಿದ ಪ್ಲಾಸ್ಟಿಕ್ ಉರುಳೆಯೊಂದನ್ನು ತೂಗುಹಾಕಿ, ಗಾಳಿಯ ವೇಗಕ್ಕನುಸಾರವಾಗಿ ಆ ನೀರು ಹೆಪ್ಪುಗಟ್ಟಲು ಎಷ್ಟೆಷ್ಟು ಹೊತ್ತು ಹಿಡಿಯುತ್ತದೆಂದು ಅಳೆದು, ಫಲಿತಾಂಶವನ್ನು 1945ರಲ್ಲಿ ಪ್ರಕಟಿಸಿದರು. ಅಲ್ಲಿಂದ ಬೆಳೆದುಬಂದ ಲೆಕ್ಕವನ್ನು ಕೆನಡಾ ಮತ್ತು ಅಮೆರಿಕ ದೇಶಗಳ ಹವಾಮಾನ ಇಲಾಖೆಗಳು 2001ರಲ್ಲಿ ಪರಿಷ್ಕರಿಸಿದವು. ಆ ಸೂತ್ರದಲ್ಲಿ ಗಾಳಿಯ ಉಷ್ಣತೆ 10 ಡಿಗ್ರಿ, ವೇಗ ಗಂಟೆಗೆ 80 ಕಿಲೋಮೀಟರ್ ಎಂದು ಹಾಕಿದರೆ, ಬರಿಯ ಮುಖಕ್ಕೆ ತಗಲುವ ಚಳಿ ಸುಮಾರು 4 ಡಿಗ್ರಿಯದೆಂದು ಬರುತ್ತದೆ. ಗಾಳಿ 0 ಡಿಗ್ರಿಯದಾದರೆ ಅದೇ ವೇಗದಲ್ಲಿ ಅದು ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯಾಗುತ್ತದೆ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತ್ಯಂತ ಕಡಮೆಯ ಉಷ್ಣತೆ 1884ರ ಜನವರಿ 13ರ 7.8 ಡಿಗ್ರಿ ಎಂಬುದನ್ನು ನೆನೆದರೆ, ಈ ಊರಿನ ನೂರಕ್ಕೂ ಮಿಕ್ಕ ವರ್ಷಗಳ ಜನ ಮನೆಯ ಮುಂದೆ ನಿಂತು ಕಾಣದ ಚಳಿಯನ್ನು ಇಂದಿನ ಸವಾರನು ತುಮಕೂರು ರಸ್ತೆಯ 10 ಡಿಗ್ರಿಯ ಒಂದು ಮುಂಜಾನೆಯಲ್ಲಿ ಕಾಣುತ್ತಾನೆಂದಂತಾಯಿತು.

ಆದರೆ ಇದರಲ್ಲಿ ಒಂದು ಚಮತ್ಕಾರವುಂಟು. ಹ್ಯಾಂಡಲಿಗೆ ಉಷ್ಣಮಾಪಕವೊಂದನ್ನು ಕಟ್ಟಿಕೊಂಡು ಎಷ್ಟು ವೇಗವಾಗಿ ಹೋದರೂ ಅದು ತೋರಿಸುವುದು 10 ಡಿಗ್ರಿಯನ್ನೇ ಹೊರತು 4ನ್ನಲ್ಲ. ಗಾಳಿಯು ಒಣಗಿದ ಯಾವ ವಸ್ತುವನ್ನೂ ತನಗಿಂತ ತಣ್ಣಗೆ ಮಾಡಲಾರದು. ತನಗಿಂತ ಬಿಸಿಯಾದುದರ ಬಿಸಿಯನ್ನು ಬೇಗಬೇಗನೆ ಕೊಂಡೊಯ್ಯಬಲ್ಲದು, ಅಷ್ಟೆ. ಹಾಗಾದರೆ ಸವಾರನ ಮೈಮೇಲೆ ಬಂದು ಬೀಳುವ ಚಳಿಯೆಂಬ ಪದಾರ್ಥವೇ ಇಲ್ಲ; ಅವನಿಂದ ಹೊರಟುಹೋಗುವ ಶಾಖವೊಂದೇ ಇರುವುದು. ಹದಿನೇಳನೆಯ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆ ಇಲ್ಲಿ ಒಂದು ಪರಿಚಿತವಾದ ವಿಭಾಗ ನೆನಪಾದೀತು. ಸ್ಪರ್ಶವು ಮೂರು ಬಗೆ. ಶೀತಸ್ಪರ್ಶವು ಜಲದ ಗುಣ, ಉಷ್ಣಸ್ಪರ್ಶವು ತೇಜಸ್ಸಿನ ಗುಣ, ಪೃಥ್ವಿಗೂ ವಾಯುವಿಗೂ ಇರುವುದು ಶೀತವೂ ಅಲ್ಲದ ಉಷ್ಣವೂ ಅಲ್ಲದ ಮೂರನೆಯ ಸ್ಪರ್ಶ. ಗಾಳಿಯು ಸ್ವತಃ ತಣ್ಣಗಿಲ್ಲವೆಂದು ತಾರ್ಕಿಕನು ಬರೆದುದನ್ನು ಹಿಡಿದು, ನಮ್ಮ ಹಿರಿಯರಿಗೆ ಈ ಶಾಸ್ತ್ರವೆಲ್ಲ ಮೊದಲೇ ಗೊತ್ತಿತ್ತೆಂದು ಡಂಗುರ ಹೊಡೆಯುವ ಚಪಲ ನನಗಿಲ್ಲ. ಅಂಥ ಡಂಗುರದಿಂದ ಹಿರಿಯರ ಮಾನವೂ ಹೆಚ್ಚುವುದಿಲ್ಲ, ಶಾಸ್ತ್ರದ ಮಾನವೂ ಹೆಚ್ಚುವುದಿಲ್ಲ. ಶೀತಕ್ಕೂ ಉಷ್ಣಕ್ಕೂ ನಾವು ಜೋಡಿ ಕಟ್ಟಿ ಆಡುವ ಮಾತಿನಲ್ಲಿ ಎರಡೂ ಸರಿಸಮನಾದ ಎದುರಾಳಿಗಳಂತೆ ತೋರಿದರೂ, ವಿಚಾರಕ್ಕೆ ಇಳಿದಾಗ ಒಂದು ಭಾವ, ಇನ್ನೊಂದು ಅಭಾವ ಎಂಬುದಷ್ಟೇ ಇಲ್ಲಿ ನನಗೆ ಬೇಕಾದುದು.

ಇದರಿಂದ ಬಟ್ಟೆಯ ವಿಷಯದಲ್ಲಿಯೂ ಒಂದು ಭ್ರಾಂತಿ ಕಳೆಯುತ್ತದೆ. ಯಾವ ಜಾಕೆಟ್ಟಿನಲ್ಲಿಯೂ ಬಿಸಿಯಿಲ್ಲ. ಬಿಸಿಯಿರುವುದು ಅನ್ನವನ್ನು ಪಚನಮಾಡುತ್ತ ಪ್ರಾಣಿಗಳ ದೇಹದೊಳಗೆ ಕುಳಿತಿರುವ ವೈಶ್ವಾನರನಲ್ಲಿ. ಸುಮ್ಮನೆ ಕುಳಿತ ಮನುಷ್ಯನಿಂದ ಹೊರಬೀಳುವ ಶಾಖವನ್ನು ಸುಮಾರು 100 ವಾಟ್ ಎಂದು ಲೆಕ್ಕಹಾಕುತ್ತಾರೆ. ಉಣ್ಣೆಯು ಮಾಡುವ ಕೆಲಸವೆಂದರೆ ತನ್ನ ಎಳೆಗಳ ನಡುವೆ ಗಾಳಿಯನ್ನು ಅಲುಗಾಡದಂತೆ ಹಿಡಿದಿಡುವುದು. ನಿಂತ ಗಾಳಿಯಷ್ಟು ಜಿಪುಣನಾದ ಶಾಖವಾಹಕ ಸಿಕ್ಕುವುದು ಅಪರೂಪ. ತೊಗಲಿನ ಕೆಲಸ, ಹಾಗೆ ನಿಲ್ಲಿಸಿದ ಒಳಗಾಳಿಯನ್ನು ಓಡುವ ಹೊರಗಾಳಿ ಎಳೆದುಕೊಂಡು ಹೋಗದಂತೆ ಕಾಯುವುದು. ಚಳ್ಳಕೆರೆಯ ಕಡೆಯ ಕರಿಕಂಬಳಿಯನ್ನು ಬೆರಳಿನ ನಡುವೆ ಹಿಡಿದು ನೋಡಿದವರಿಗೆ ಗೊತ್ತು: ಹುಣಸೆಬೀಜದ ಅಂಬಲಿ ಬಳಿದು ಬಿರುಸಾಗಿಸಿದ ಆ ಒರಟು ನೆಯ್ಗೆ ಕತ್ತನ್ನು ಗೀರಿದರೂ, ಕುರಿ ಕಾಯುವವನು ಅದನ್ನು ಕೊಪ್ಪೆ ಹಾಕಿಕೊಂಡು ಬಯಲಿನ ಮಳೆಯಲ್ಲಿ ನಿಂತಿರುವಾಗ, ಒಳಗೆ ಗಾಳಿ ನಿಲ್ಲಿಸುವ ಉಣ್ಣೆ, ಹೊರಗೆ ಗಾಳಿ ತಡೆಯುವ ಬಿರುಸು, ಎರಡು ಕೆಲಸವನ್ನೂ ಒಂದೇ ಬಟ್ಟೆ ಮಾಡುತ್ತಿರುತ್ತದೆ. ಉಣ್ಣೆಯು ತನ್ನ ತೂಕದ ಮೂರರಲ್ಲಿ ಒಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಮೈಗೆ ಒದ್ದೆಯೆನಿಸುವುದಿಲ್ಲ. ಹತ್ತಿಯ ಬನಿಯನ್ನಾದರೋ ಬೆವರಿಗೆ ನೆನೆದು ಬೆನ್ನಿಗೆ ಅಂಟಿಕೊಂಡು, ಇದ್ದ ಬಿಸಿಯನ್ನೂ ಹೀರುತ್ತದೆ.

ಹಾಸನವನ್ನು ದಾಟಿ ಬೇಲೂರಿನ ಕಡೆಗೆ ತಿರುಗಿದ ಮೇಲೆ, ಜನವರಿಯ ಬೆಳಗಿನಲ್ಲಿ, ರಸ್ತೆ ಇಳಿದ ತಗ್ಗುಗಳಲ್ಲೆಲ್ಲ ತಣ್ಣನೆಯ ಗಾಳಿ ಕೆರೆಯ ನೀರಿನಂತೆ ನಿಂತಿರುತ್ತದೆ. ದಿಬ್ಬದ ಮೇಲೆ ಸಹ್ಯವೆನಿಸಿದ ಚಳಿ ತಗ್ಗಿಗಿಳಿದೊಡನೆ ಮೊಳಕಾಲಿನಿಂದ ಏರತೊಡಗುವುದು. ಮಂಜು ಹೆಲ್ಮೆಟ್ಟಿನ ಗಾಜಿನ ಮೇಲೆ ಹೊರಗಿನಿಂದಲೂ ಉಸಿರು ಒಳಗಿನಿಂದಲೂ ಕೂರುವುದು. ಕೈಗವಸಿನ ಹೊಲಿಗೆಗಳಲ್ಲಿ ತೇವ ಸೇರಿ ಮೊದಲು ಕಿರುಬೆರಳು, ಆಮೇಲೆ ಉಂಗುರದ ಬೆರಳು, ತಮ್ಮ ಇರವನ್ನು ನೋವಿನಿಂದ ತಿಳಿಸಿ, ಸ್ವಲ್ಪ ಹೊತ್ತಿನ ಬಳಿಕ ಆ ತಿಳಿಸುವುದನ್ನೂ ನಿಲ್ಲಿಸುವುವು. ಕ್ಲಚ್ಚು ಹಿಡಿದಿದೆಯೋ ಬಿಟ್ಟಿದೆಯೋ ಎಂಬುದು ಬೆರಳಿನಿಂದ ತಿಳಿಯದೆ ಎಂಜಿನ್ನಿನ ಸದ್ದಿನಿಂದ ತಿಳಿಯಬೇಕಾಗುವ ಸ್ಥಿತಿ ಅದು. ಚಹಾದಂಗಡಿಯ ಮುಂದೆ ಇಳಿದವನು ಗಲ್ಲದ ಕೆಳಗಿನ ಪಟ್ಟಿಯನ್ನು ಬಿಚ್ಚಲಾರದೆ ಹೆಲ್ಮೆಟ್ಟಿನೊಡನೆಯೇ ಬೆಂಚಿನ ಮೇಲೆ ಕುಳಿತು, ಲೋಟವನ್ನು ಕುಡಿಯುವುದಕ್ಕಿಂತ ಮೊದಲು ಎರಡು ಅಂಗೈಗಳ ನಡುವೆ ಹಿಡಿದುಕೊಳ್ಳುವನು. ಹಳೆಯ ಸವಾರರು ಇನ್ನೊಂದು ಉಪಾಯ ಬಲ್ಲರು: ಕೈಗವಸನ್ನು ತೆಗೆದು ಎಂಜಿನ್ನಿನ ರೆಕ್ಕೆಗಳ ಮೇಲೆ ಕವುಚಿಹಾಕಿ, ಅದು ಬಿಸಿಯಾಗುವವರೆಗೆ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಳ್ಳುವುದು. ಹೊರಡುವ ಮುನ್ನ ಅಂಗಡಿಯವನಿಂದ ಹಿಂದಿನ ದಿನದ ವೃತ್ತಪತ್ರಿಕೆಯನ್ನು ಬೇಡಿ ಪಡೆದು, ಮಡಿಸಿ, ಶರ್ಟಿನ ಮುಂಭಾಗಕ್ಕೆ ಇಳಿಬಿಡುವವರೂ ಉಂಟು. ಸಂಪಾದಕೀಯಗಳಿಂದ ಎದೆ ಬೆಚ್ಚಗಾಗುವುದು ಆ ಒಂದು ಸಂದರ್ಭದಲ್ಲಿ ಮಾತ್ರವೆಂದು ಮೇಷ್ಟರ ಅಭಿಪ್ರಾಯ.

ಎಂಜಿನ್ನಿನ ಮಾತು ಬಂದುದರಿಂದ ಇದನ್ನೂ ಹೇಳಬೇಕು. 1960ರ ದಶಕದ ಆರಂಭದಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು, ಮೊದಲು ಜಾವಾ ಎಂಬ ಹೆಸರಿನಲ್ಲಿಯೂ ಆಮೇಲೆ ಯೆಜ್ದಿ ಎಂಬ ಹೆಸರಿನಲ್ಲಿಯೂ ಗಾಡಿಗಳನ್ನು ತಯಾರಿಸಿ ದೇಶಕ್ಕೆಲ್ಲ ಕಳುಹಿಸುತ್ತಿತ್ತು. ಕಿಕ್ಕರನ್ನೇ ಮಡಿಸಿ ಗೇರಿನ ಕಡ್ಡಿಯನ್ನಾಗಿ ಬಳಸುವ ಆ ಗಾಡಿಯನ್ನು ಓಡಿಸಿದವರು ಅದರ ಉರುಳೆಯ ಸುತ್ತಲಿನ ಲೋಹದ ರೆಕ್ಕೆಗಳನ್ನು ಮರೆಯಲಾರರು. ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಚಕ್ರವನ್ನು ತಿರುಗಿಸಿ, ಉಳಿದುದೆಲ್ಲ ಶಾಖವಾಗಿ ಹೊಗೆಯಲ್ಲಿಯೂ ರೆಕ್ಕೆಗಳಲ್ಲಿಯೂ ವ್ಯಯವಾಗುವುದು; ಆ ಶಾಖವನ್ನು ಗಾಳಿ ಕೊಂಡೊಯ್ಯದಿದ್ದರೆ ಯಂತ್ರವೇ ಕೆಟ್ಟುಹೋಗುವುದು. ಒಂದೇ ಗಾಳಿಯು ಮೊಳಕಾಲುಗಳ ನಡುವಿನ ಯಂತ್ರಕ್ಕೆ ಪ್ರಾಣವನ್ನೂ ಅದರ ಮೇಲೆ ಕುಳಿತವನಿಗೆ ನಡುಕವನ್ನೂ ಕೊಡುತ್ತಿರುವಾಗ, ಬೆಂಕಿಯ ಮೇಲೆ ಕುಳಿತು ಹೆಪ್ಪುಗಟ್ಟುವ ಈ ವಿಚಿತ್ರ ಪ್ರಾಣಿಯು ಗಾಳಿಯನ್ನು ಶತ್ರುವೆನ್ನಬೇಕೋ ಮಿತ್ರನೆನ್ನಬೇಕೋ? ಅನುಕೂಲ ಪ್ರತಿಕೂಲಗಳು ವಸ್ತುವಿನಲ್ಲಿಲ್ಲ, ಅದನ್ನು ಎದುರುಗೊಳ್ಳುವವನ ನಿಲುವಿನಲ್ಲಿವೆಯೆಂದು ವೇದಾಂತಿಗಳು ಹೇಳುವ ಮಾತಿಗೆ ಇಷ್ಟು ಹತ್ತಿರದ ನಿದರ್ಶನ ಸಿಕ್ಕುವುದು ಅಪರೂಪ.

ಇನ್ನು ಪೂರ್ವಪಕ್ಷ. ಶೀತೋಷ್ಣಗಳನ್ನು ಕೊಡುವ ಇಂದ್ರಿಯಸ್ಪರ್ಶಗಳು ಬಂದುಹೋಗತಕ್ಕವು, ಅನಿತ್ಯವಾದವು, ಅವನ್ನು ಸಹಿಸು ಎಂದು ಗೀತೆಯ ಎರಡನೆಯ ಅಧ್ಯಾಯವು ಅರ್ಜುನನಿಗೆ ಹೇಳುತ್ತದೆ. ಅಷ್ಟರಲ್ಲಿಯೇ ನಿಂತಿದ್ದರೆ ಜಾಕೆಟ್ಟಿಗೆ ಎಡೆಯಿತ್ತು. ಸಹಿಸುವವನು ಹೊದ್ದುಕೊಂಡೂ ಸಹಿಸಬಹುದು. ಆದರೆ ಶಂಕರಾಚಾರ್ಯರ ಹೆಸರಿನಲ್ಲಿ ಪ್ರಚಲಿತವಾಗಿರುವ ವಿವೇಕಚೂಡಾಮಣಿಯು ತಿತಿಕ್ಷೆಗೆ ಲಕ್ಷಣ ಹೇಳುವಾಗ ಎರಡು ಕಟ್ಟುಗಳನ್ನು ಹಾಕುತ್ತದೆ: ದುಃಖ ಬಂದಾಗ ಅದಕ್ಕೆ ಪ್ರತೀಕಾರವನ್ನು ಹುಡುಕಬಾರದು, ಅದರ ಚಿಂತೆಯಲ್ಲಿಯೂ ಗೋಳಿನಲ್ಲಿಯೂ ಮುಳುಗಬಾರದು. ಮೇಷ್ಟರು ಮೊದಲ ಕಟ್ಟನ್ನು ಹಿಡಿದುಕೊಂಡರು. ಜಾಕೆಟ್ಟು ಪ್ರತೀಕಾರವಲ್ಲದೆ ಮತ್ತೇನು? ನಾನು ಮೇಲೆ ಹೇಳಿದ ಶಾಖದ ಲೆಕ್ಕವನ್ನು ಮುಂದಿಟ್ಟು, ಚಳಿಯ ಮೇಲೆ ಯುದ್ಧಕ್ಕೆ ಹೋಗುವುದು ಪ್ರತೀಕಾರ, ದೇವರು ಕೊಟ್ಟ ಬಿಸಿಯನ್ನು ಪೋಲಾಗದಂತೆ ನೋಡಿಕೊಳ್ಳುವುದು ಕ್ಷೇಮ, ಇಲ್ಲದುದನ್ನು ಗಳಿಸುವುದು ಯೋಗ, ಇರುವುದನ್ನು ಉಳಿಸುವುದು ಕ್ಷೇಮವೆಂದಲ್ಲವೆ ವಿಭಾಗ, ಎಂದೆನು. ಅವರು ಒಂದು ಕ್ಷಣವೂ ತಡವರಿಸದೆ, “ಅದೇ ಎರಡನೆಯ ಅಧ್ಯಾಯದಲ್ಲಿ ಯೋಗವೂ ಬೇಡ, ಕ್ಷೇಮವೂ ಬೇಡ, ಎರಡನ್ನೂ ಬಿಟ್ಟವನಾಗು ಎಂದಿದೆಯಲ್ಲಯ್ಯ, ಮುಂದಿನ ಪುಟ ತಿರುಗಿಸಲಿಲ್ಲವೋ?” ಎಂದರು. ಆ ದಿನ ಚರ್ಚೆ ಅವರ ಪಾಲಿಗಾಯಿತೆಂದೇ ಹೇಳಬೇಕು.

ಪೂರ್ವಪಕ್ಷದ ಬಲವನ್ನು ಪುಸ್ತಕದಲ್ಲಿ ಮಾತ್ರವಲ್ಲದೆ ಕಲ್ಲಿನಲ್ಲಿಯೂ ನಾವು ನೋಡಬಲ್ಲೆವು. ಜೈನರ ತತ್ತ್ವಾರ್ಥಸೂತ್ರವು ಮುನಿಯು ಗೆಲ್ಲಬೇಕಾದ ಇಪ್ಪತ್ತೆರಡು ಪರೀಷಹಗಳನ್ನು ಎಣಿಸುವಾಗ ಹಸಿವು ಬಾಯಾರಿಕೆಗಳ ಬೆನ್ನಿಗೇ ಶೀತವನ್ನು ಹೇಳುತ್ತದೆ; ನಗ್ನತೆಯೂ ಅದೇ ಪಟ್ಟಿಯಲ್ಲಿದೆ. ಚಾವುಂಡರಾಯನು 981ರಲ್ಲಿ ವಿಂಧ್ಯಗಿರಿಯ ಮೇಲೆ ನಿಲ್ಲಿಸಿದ ಬಾಹುಬಲಿಯ 58 ಅಡಿಯ ಮೂರ್ತಿಗೆ ಮಾಡಿಲ್ಲ, ಮರೆಯಿಲ್ಲ. ಬೆಟ್ಟದ ಗಾಳಿಗೆ ಎದೆಕೊಟ್ಟು ನಿಂತ ಆ ದೇಹದ ಮೇಲೆ ಬಳ್ಳಿಗಳು ತೊಡೆಯನ್ನೂ ತೋಳನ್ನೂ ಸುತ್ತಿಕೊಂಡಿವೆ. ಶಿಲ್ಪಿಯು ಬಿಡಿಸಿದ ಆ ಬಳ್ಳಿಗಳು ಏನನ್ನೂ ಮುಚ್ಚುವುದಿಲ್ಲವೆಂಬುದನ್ನು ಗಮನಿಸಬೇಕು. ಅವು ಹೊದಿಕೆಯಲ್ಲ, ಕಾಲದ ಗುರುತು. ಈ ಮಾರ್ಗವನ್ನು ಕೈಲಾಗದವರ ಹಗುರ ಮಾತಿನಿಂದ ತಳ್ಳಿಹಾಕುವುದು ಸಲ್ಲದು. ಆದರೆ ಬಟ್ಟೆಯನ್ನೇ ತೊರೆದು ಕೂದಲನ್ನು ಹೊದ್ದು ಹೊರಟ ಅಕ್ಕಮಹಾದೇವಿಯೂ ತನ್ನ ವಚನವೊಂದರಲ್ಲಿ, ಹಸಿವಿಗೆ ಭಿಕ್ಷೆಯಿದ್ದಂತೆ ಮೈಯ ಶೀತಕ್ಕೆ ಜನ ಬಿಸುಟ ಹಳೆಯ ಅರಿವೆಯುಂಟೆಂದು ಹೇಳಿಕೊಂಡಿದ್ದಾಳೆ. ಅವಳಿಗೆ ಹೊದಿಕೆಯು ತ್ಯಾಜ್ಯವಾಗಿರಲಿಲ್ಲ. ಅದರ ಸಂಗ್ರಹ, ಅದರ ಮಾನ, ಅದು ತನ್ನದೆಂಬ ಭಾವ, ಇವು ತ್ಯಾಜ್ಯವಾಗಿದ್ದುವು.

ನನಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಪ್ರಿಯವಾದ ಪ್ರಸಂಗ ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ಬರುತ್ತದೆ. ರಾಜಗೃಹದಿಂದ ವೈಶಾಲಿಗೆ ಹೋಗುತ್ತಿದ್ದ ಬುದ್ಧನು ದಾರಿಯಲ್ಲಿ ತನ್ನ ಭಿಕ್ಷುಗಳು ತಲೆಯ ಮೇಲೊಂದು, ಹೆಗಲ ಮೇಲೊಂದು, ಸೊಂಟದಲ್ಲೊಂದು ಎಂದು ಚೀವರಗಳ ಗಂಟುಗಳನ್ನು ಹೊತ್ತು ಬರುತ್ತಿರುವುದನ್ನು ಕಂಡನು. ಇವರಿಗೆ ಒಂದು ಮಿತಿಯನ್ನು ಗೊತ್ತುಮಾಡಬೇಕೆಂದು ಅವನಿಗೆ ತೋರಿತು. ಮಿತಿಯನ್ನು ಗೊತ್ತುಮಾಡಲು ಅವನು ಯಾವ ಸಿದ್ಧಾಂತವನ್ನೂ ಆಶ್ರಯಿಸಲಿಲ್ಲ. ವೈಶಾಲಿಯ ಗೋತಮಕ ಚೈತ್ಯದಲ್ಲಿ, ಚಳಿಗಾಲದ ಅತಿಕಠಿನವಾದ ರಾತ್ರಿಗಳಲ್ಲಿ, ಹಿಮ ಬೀಳುತ್ತಿರುವಾಗ, ಒಂದೇ ಚೀವರವನ್ನು ಹೊದ್ದು ಬಯಲಿನಲ್ಲಿ ಕುಳಿತನು. ರಾತ್ರಿಯ ಮೊದಲ ಜಾವ ಕಳೆಯುತ್ತಲೂ ಚಳಿಯಾಯಿತು, ಎರಡನೆಯದನ್ನು ಹೊದ್ದನು. ನಡುಜಾವ ಕಳೆಯುತ್ತಲೂ ಮತ್ತೆ ಚಳಿಯಾಯಿತು, ಮೂರನೆಯದನ್ನು ಹೊದ್ದನು. ಕಡೆಯ ಜಾವ ಮುಗಿದು ಅರುಣೋದಯವಾಗುವ ಹೊತ್ತಿಗೆ ನಾಲ್ಕನೆಯದು ಬೇಕಾಯಿತು. ಬೆಳಗಾದ ಮೇಲೆ, ಚಳಿಗೆ ಅಂಜುವ ಸುಕುಮಾರರಾದ ಕುಲಪುತ್ರರೂ ಇದರಿಂದ ಬಾಳಬಲ್ಲರೆಂದು ತಿಳಿದು ಭಿಕ್ಷುಗಳಿಗೆ ಮೂರು ಚೀವರಗಳನ್ನು ವಿಧಿಸಿದನು: ಒಳಗೊಂದು, ಅದರ ಮೇಲೊಂದು, ಎಲ್ಲಕ್ಕೂ ಹೊರಗೆ ಎರಡು ಪದರದ ಸಂಘಾಟಿಯೊಂದು. ಪದರಗಳನ್ನು ಎಣಿಸಿದರೆ, ಅವನಿಗೆ ಆ ರಾತ್ರಿ ಬೇಕಾದ ನಾಲ್ಕೂ ಅದರಲ್ಲಿವೆ.

ಇಂದಿನ ಸವಾರರು ತಮ್ಮ ಅನುಭವದಿಂದ ಕಂಡುಕೊಂಡ ಮೂರು ಪದರಗಳ ಕ್ರಮವು, ಮೈಗೆ ಹತ್ತಿದ ಒಳಪದರ, ಗಾಳಿ ಹಿಡಿಯುವ ನಡುಪದರ, ಗಾಳಿ ತಡೆಯುವ ಹೊರಪದರ ಎಂಬುದು, ಈ ತ್ರಿಚೀವರಕ್ಕೆ ಅಷ್ಟು ಹೊಂದಿಕೊಳ್ಳುವುದು ಸೋಜಿಗವಾದರೂ ನನ್ನ ಮಾತು ಅದಲ್ಲ. ಆ ರಾತ್ರಿ ಬುದ್ಧನು ಏನನ್ನು ಮಾಡಲಿಲ್ಲ ಎಂಬುದನ್ನು ನೋಡಬೇಕು. ಅವನು ಮೊದಲ ಜಾವದಲ್ಲಿಯೇ ನಾಲ್ಕನ್ನೂ ಹೊದ್ದು ಬೆಚ್ಚಗೆ ಕೂರಲಿಲ್ಲ. ಒಂದರಲ್ಲಿಯೇ ನಡುಗುತ್ತ ಬೆಳಗುಮಾಡಿ ಅದನ್ನು ಸಾಧನೆಯೆಂದು ಸಾರಲಿಲ್ಲ. ಆರು ವರ್ಷ ದೇಹವನ್ನು ದಂಡಿಸಿ ಆ ದಾರಿಯ ಕೊನೆಯನ್ನು ಕಂಡಿದ್ದವನಿಗೆ ನಡುಗುವುದರಲ್ಲಿ ಕುತೂಹಲವೇನೂ ಉಳಿದಿರಲಿಲ್ಲವೆಂದು ತೋರುತ್ತದೆ. ಚಳಿಯು ಬಂದಾಗ ಅದನ್ನು ಚಳಿಯೆಂದು ತಿಳಿದು, ಎಷ್ಟು ಬೇಕೋ ಅಷ್ಟನ್ನು ಹೊದ್ದು, ಅಲ್ಲಿ ನಿಲ್ಲಿಸಿದನು. ಪ್ರತೀಕಾರದ ಪ್ರಶ್ನೆಯನ್ನು ಅವನು ಪ್ರಮಾಣದ ಪ್ರಶ್ನೆಯಾಗಿ ಮಾರ್ಪಡಿಸಿದನೆನ್ನಬಹುದು. ಮೂಟೆ ಹೊತ್ತ ಭಿಕ್ಷುಗಳನ್ನು ನಮ್ಮ ರಸ್ತೆಗಳಲ್ಲಿಯೂ ಕಾಣಬಹುದು: ಸ್ವೆಟರಿನ ಮೇಲೆ ಸ್ವೆಟರು ಹಾಕಿ, ಕತ್ತನ್ನು ಮಫ್ಲರಿನಿಂದ ಬಿಗಿದು, ಹಿಂದೆ ಬರುವ ಲಾರಿಯನ್ನು ನೋಡಲು ತಲೆ ತಿರುಗಿಸಲಾರದೆ, ತೋಳು ಮಡಿಸಲಾರದೆ, ಗೊಂಬೆಯಂತೆ ಕುಳಿತು ಹೋಗುವವರು. ಹೊದಿಕೆಯೇ ಅವರಿಗೆ ಅಪಾಯವಾಗಿರುತ್ತದೆ.

ಮೇಷ್ಟರಿಗೆ ನಾನು ಕೊಟ್ಟ ನಿಜವಾದ ಉತ್ತರ ಈ ಪ್ರಸಂಗದಿಂದ ಬಂದುದಲ್ಲ, ದೇಹದ ನಡತೆಯಿಂದ ಬಂದುದು. ದೇಹದ ಒಳಗಿನ ಉಷ್ಣತೆ 37 ಡಿಗ್ರಿಯಿಂದ ಜಾರತೊಡಗುವ ಸೂಚನೆ ಕಂಡೊಡನೆ ದೇಹವು ಕೈಕಾಲುಗಳ ರಕ್ತನಾಳಗಳನ್ನು ಕುಗ್ಗಿಸಿ, ರಕ್ತವನ್ನು ಎದೆ ಮತ್ತು ಮಿದುಳುಗಳಿಗೆ ಮೀಸಲಿಡುತ್ತದೆ. ಯಜಮಾನನನ್ನು ಕೇಳದೆಯೇ ಬೆರಳುಗಳನ್ನು ಬಿಟ್ಟುಕೊಡುತ್ತದೆ. ಆದುದರಿಂದಲೇ ಬೆರಳು ಮರಗಟ್ಟಿದಾಗ ದಪ್ಪ ಕೈಗವಸಿಗಿಂತ ಎದೆಯ ಮೇಲೊಂದು ಉಣ್ಣೆಯ ಬನಿಯನ್ನು ಹೆಚ್ಚು ಫಲಕಾರಿಯೆಂದು ಬಲ್ಲವರು ಹೇಳುವುದು. ನಡುವಿನಲ್ಲಿ ಬಿಸಿ ಮಿಕ್ಕಿದಾಗ ಅದು ತಾನಾಗಿಯೇ ಅಂಚಿಗೆ ಹರಿಯುತ್ತದೆ. ಇಷ್ಟಾದರೂ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಮಾತು ತೊದಲುತ್ತದೆ, ಕೈ ತಪ್ಪುತ್ತದೆ, ಬುದ್ಧಿ ಮಂಕಾಗುತ್ತದೆ. ಮತ್ತಷ್ಟು ಇಳಿದರೆ ನಡುಕವೇ ನಿಂತುಹೋಗಿ, ಚಳಿಯೇ ಇಲ್ಲವೆಂಬ ಭ್ರಮೆಯಲ್ಲಿ ಮೈಮೇಲಿನ ಬಟ್ಟೆಯನ್ನು ಕಿತ್ತೆಸೆಯುವುದೂ ಉಂಟು. ಹೊರಗಿನಿಂದ ನೋಡುವವನಿಗೆ ಇವನು ಶೀತವನ್ನು ಗೆದ್ದ ಯೋಗಿಯಂತೆಯೇ ಕಂಡಾನು. ಹೀಗೆ ಚಳಿಯು ಸುಖದ ಜೊತೆಗೆ ಸುಖದುಃಖಗಳನ್ನು ವಿವೇಚಿಸುವ ಉಪಕರಣವನ್ನೂ ಕಸಿದುಕೊಳ್ಳುವಂಥದು. ವಿವೇಕವನ್ನು ಕಳೆದುಕೊಂಡ ಮೇಲೆ ಉಳಿಯುವ ಸಹನೆಯು ಕಲ್ಲಿನದು, ಸಾಧಕನದಲ್ಲ. ವಿವೇಕಚೂಡಾಮಣಿಯೆಂದು ಹೆಸರಿಟ್ಟುಕೊಂಡ ಗ್ರಂಥವು ಅದನ್ನು ತಿತಿಕ್ಷೆಯೆಂದು ಒಪ್ಪಲಾರದು.

ಎರಡನೆಯ ಕಟ್ಟನ್ನೂ ಮರೆಯಬಾರದು. ಚಿಂತೆ, ಗೋಳು ಇಲ್ಲದಿರುವುದು ಲಕ್ಷಣದ ಅರ್ಧವಾಗಿರುವಾಗ, ಬರಿಗೈಯಲ್ಲಿ ಹ್ಯಾಂಡಲು ಹಿಡಿದು ಹೋಗುವವನ ಮನಸ್ಸು ಎಲ್ಲಿರುತ್ತದೆಂದು ನೋಡಿದರೆ ಸಾಕು: ಅದು ಹತ್ತು ಬೆರಳ ತುದಿಗಳಲ್ಲಿರುತ್ತದೆ, ಪ್ರತಿಯೊಂದು ಮೈಲಿಗಲ್ಲಿನಲ್ಲಿರುತ್ತದೆ, ಸೂರ್ಯನು ಇನ್ನೂ ಯಾಕೆ ಹುಟ್ಟಲಿಲ್ಲವೆಂಬ ದೂರಿನಲ್ಲಿರುತ್ತದೆ. ದೇಹವನ್ನು ಮರೆಯಬೇಕೆಂದು ಹೊರಟವನು ದೇಹವಲ್ಲದೆ ಮತ್ತೇನನ್ನೂ ಕಾಣದವನಾಗುತ್ತಾನೆ. ತಕ್ಕಷ್ಟು ಹೊದ್ದವನಾದರೋ ಕಾಫಿಗಿಡಗಳ ಮೇಲಿನ ಮಂಜನ್ನೂ ಕಾಣುತ್ತಾನೆ, ರಸ್ತೆ ದಾಟಲು ಹವಣಿಸುವ ಕರುವನ್ನೂ ಕಾಣುತ್ತಾನೆ. ಆ ಕರುವಿನ ಮಾತೇ ಮುಖ್ಯ. ಬೆಟ್ಟದ ಮೇಲೆ ನಿಂತ ಮುನಿಯ ಶೀತವು ಮುನಿಗೆ ಮಾತ್ರ ಸಂಬಂಧಿಸಿದುದು. ಅವನ ಬೆರಳು ಮರಗಟ್ಟಿದರೆ ಯಾರಿಗೂ ಹಾನಿಯಿಲ್ಲ. ಸವಾರನ ಬೆರಳು ಬ್ರೇಕಿನ ಮೇಲಿರುತ್ತದೆ, ಎದುರಿಗೆ ಪರರ ಪ್ರಾಣವಿರುತ್ತದೆ. ನಿಂತವನ ಧರ್ಮವನ್ನು ಓಡುವವನು ಎರವಲು ಪಡೆದರೆ ಅದರ ಬೆಲೆಯನ್ನು ತೆರುವವನು ಬೇರೊಬ್ಬನಾಗುತ್ತಾನೆ.

ಇಷ್ಟು ಹೇಳಿದ ಮೇಲೂ ಪೂರ್ವಪಕ್ಷದಲ್ಲಿ ಒಂದು ಸತ್ಯ ಉಳಿಯುತ್ತದೆಂದು ನಾನು ಒಪ್ಪುತ್ತೇನೆ. ಈಗ ಬ್ಯಾಟರಿಯಿಂದ ವಿದ್ಯುತ್ತು ಹರಿಸಿ ಕಾಯಿಸುವ ಹಿಡಿಗಳೂ ಜಾಕೆಟ್ಟುಗಳೂ ಬಂದಿವೆ. ಹಿಮದ ದೇಶಗಳಲ್ಲಿ ಅವು ಅಗತ್ಯವೇ ಇರಬಹುದು. ಅಲ್ಲಿಯ ಅಗತ್ಯವನ್ನು ಇಲ್ಲಿ ಕುಳಿತು ನಿರ್ಣಯಿಸುವುದು ಉದ್ಧಟತನ. ಆದರೆ ಇಲ್ಲಿಯ ಹದವಾದ ಚಳಿಗಾಲದಲ್ಲಿಯೂ ಅಂಥದೊಂದನ್ನು ತೊಟ್ಟು, ಬಿಸಿ ಸ್ವಲ್ಪ ಹೆಚ್ಚಾಯಿತು, ಸ್ವಲ್ಪ ಕಡಮೆಯಾಯಿತು ಎಂದು ದಾರಿಯುದ್ದಕ್ಕೂ ಗುಂಡಿಯನ್ನು ಒತ್ತುತ್ತ ಹೋಗುವವನ ಮನಸ್ಸು ಬರಿಗೈಯವನ ಮನಸ್ಸಿನಷ್ಟೇ ಬೆರಳ ತುದಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಎಷ್ಟು ಹೊದ್ದರೂ ಮಣಿಕಟ್ಟಿನ ಹತ್ತಿರ, ಕತ್ತಿನ ಹಿಂದೆ, ಒಂದೆರಡು ಕಡೆ ಗಾಳಿ ನುಸುಳಿಯೇ ತೀರುವುದು. ತಿತಿಕ್ಷೆಯ ಕ್ಷೇತ್ರ ಅಲ್ಲಿಂದ ಆರಂಭವಾಗುವುದೆಂದು ನನ್ನ ಭಾವನೆ. ಆ ಉಳಿದ ಚಳಿಯನ್ನು ಗೊಣಗದೆ ತೆಗೆದುಕೊಳ್ಳುವುದು ಅಷ್ಟೇನೂ ಸುಲಭವಲ್ಲ. ಜೊತೆಯಲ್ಲಿ ಹಿಂದೆ ಕುಳಿತು ಬರುವವರನ್ನು ಕೇಳಿದರೆ ತಿಳಿದೀತು.

ಇಲ್ಲಿಯವರೆಗಿನ ಮಾತೆಲ್ಲ ತಾನಾಗಿ ಬಯಸಿ ಹೊರಟವನ ಕುರಿತದ್ದು. ಬೆಂಗಳೂರಿನ ಬಡಾವಣೆಗಳಲ್ಲಿ ಬೆಳಗಿನ ಜಾವ ಐದು ಗಂಟೆಗೆ ಹಾಲಿನ ಪೊಟ್ಟಣಗಳನ್ನೂ ವೃತ್ತಪತ್ರಿಕೆಗಳನ್ನೂ ಮೊಬೈಲಿನಲ್ಲಿ ತರಿಸಿಕೊಂಡ ದಿನಸಿಯನ್ನೂ ಹೊತ್ತು ಓಡಾಡುವ ಹುಡುಗರು ಚಳಿಯನ್ನು ಆರಿಸಿಕೊಂಡವರಲ್ಲ. ಅವರ ಮೈಮೇಲಿರುವುದು ಹೆಸರು ಮುದ್ರಿಸಿದ ತೆಳುವಾದ ಅಂಗಿ. ಕೈಯಲ್ಲಿ ಕೈಗವಸಿದ್ದರೆ ಅದರ ತೋರುಬೆರಳಿನ ತುದಿಯನ್ನು ಕತ್ತರಿಸಿರುತ್ತಾರೆ, ಏಕೆಂದರೆ ಉಣ್ಣೆಯ ಬೆರಳಿನಿಂದ ಮುಟ್ಟಿದರೆ ಮೊಬೈಲಿನ ಗಾಜು ಮನೆಯ ವಿಳಾಸವನ್ನು ತೋರಿಸುವುದಿಲ್ಲ. ಇವರ ಸಹನೆಯನ್ನು ತಪಸ್ಸೆಂದು ಹೊಗಳುವುದು ನಮ್ಮ ಸೋಮಾರಿತನಕ್ಕೆ ಧರ್ಮದ ಹೊದಿಕೆ ಹೊದಿಸಿದಂತೆ. ಮುಮುಕ್ಷುವಿಗೆ ಪ್ರತೀಕಾರ ಬೇಡವೆಂದ ಶಾಸ್ತ್ರವೇ ಗೃಹಸ್ಥನಿಗೆ ಪರರ ಶೀತದ ಪ್ರತೀಕಾರವನ್ನು ಕರ್ತವ್ಯವೆಂದು ವಿಧಿಸಿದೆ. ಮಕರಸಂಕ್ರಾಂತಿಯಂದು ಎಳ್ಳಿನೊಡನೆ ಕಂಬಳಿಯನ್ನು ದಾನಮಾಡುವ ಪದ್ಧತಿ ಬಂದುದು ಅದರಿಂದಲೇ. ಈ ಒಂದು ವಿಷಯದಲ್ಲಿ ಮೇಷ್ಟರಿಗೂ ನನಗೂ ಭಿನ್ನಾಭಿಪ್ರಾಯವಿಲ್ಲ. ಈ ಸಲ ಸಂಕ್ರಾಂತಿಗೆ ಹಾಲು ತರುವ ಹುಡುಗನನ್ನೇ ಪಾತ್ರನೆಂದು ಭಾವಿಸಿ ದಾನ ಮಾಡುವುದೆಂದು ಅವರು ನಿಶ್ಚಯಿಸಿದ್ದಾರೆ. ಸಂಕಲ್ಪದಲ್ಲಿ ಕಂಬಳಿಯೆಂದಿರುವ ಕಡೆ ಕೈಗವಸೆಂದು ಹೇಳಿದರೆ ಮಂತ್ರಲೋಪವಾಗುವುದೇ ಎಂಬ ಸಂಶಯವೊಂದು ಮಾತ್ರ ಅವರಿಗೆ ಇನ್ನೂ ಪರಿಹಾರವಾಗಿಲ್ಲ.